ಮಂಕಿಯಲ್ಲಿ ನಿಂತ ಗಾಡಿ

ಹೊಸ ವೇಳಾಪಟ್ಟಿ ಜಾರಿಗೆ ಬಂದ ದಿನ ಬೆಳಿಗ್ಗೆ ನಮ್ಮ ಪ್ಯಾಸೆಂಜರ್ ಗಾಡಿ ಮಂಕಿ ಸ್ಟೇಷನ್ನಿನಲ್ಲಿ ನಿಂತದ್ದು ನಿಂತೇ ಇತ್ತು. ಮಂಕಿ ಸಣ್ಣ ಸ್ಟೇಷನ್. ಅಲ್ಲಿ ಗಾಡಿ ನಿಲ್ಲುವುದೆಂದರೆ ತರಕಾರಿ ಬುಟ್ಟಿ ಹೊತ್ತ ಹೆಂಗಸರು ಹತ್ತಿಕೊಳ್ಳುವಷ್ಟು ಹೊತ್ತು ಮಾತ್ರ. ಆ ದಿನ ಅವರು ಹತ್ತಿ, ಬುಟ್ಟಿಗಳನ್ನು ಬಾಗಿಲ ಪಕ್ಕಕ್ಕೆ ಸರಿಸಿ, ಎಲೆಯಡಿಕೆ ಹಾಕಿ ಮುಗಿಸಿದರೂ ಗಾಡಿ ಅಲುಗಲಿಲ್ಲ. ಕೊನೆಗೆ ಹಿಂದಿನಿಂದ ಒಂದು ಎಕ್ಸ್‌ಪ್ರೆಸ್ ಬಂದು, ಪಕ್ಕದ ಹಳಿಯ ಮೇಲೆ ನಮ್ಮ ಕಿಟಕಿಗಳೆಲ್ಲ ನಡುಗುವ ಹಾಗೆ ಹಾದುಹೋಯಿತು. ಇನ್ನು ನಮ್ಮ ಸರದಿ ಎಂದುಕೊಂಡೆವು. ಆಗಲೂ ಹೊರಡಲಿಲ್ಲ. ಎದುರಿನಿಂದ ಇನ್ನೊಂದು ಎಕ್ಸ್‌ಪ್ರೆಸ್ ಬರಬೇಕಿತ್ತು. ಅದೂ ಬಂದು ಹೋದ ಮೇಲೆ ನಮಗೆ ಹಸಿರು ದೀಪ ಸಿಕ್ಕಿತು. ಕುಮಟಾದಲ್ಲಿ ಇಳಿದು, ರಿಕ್ಷಾ ಹಿಡಿದು ಶಾಲೆ ಮುಟ್ಟುವಾಗ ಪ್ರಾರ್ಥನೆ ಮುಗಿದು, ಮೊದಲ ಪೀರಿಯಡ್ಡೂ ಅರ್ಧ ಕಳೆದಿತ್ತು. ಮೊದಲ ಪೀರಿಯಡ್ ನನ್ನದೇ.

ನಾನು ಕುಮಟಾದ ಒಂದು ಸರಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಮನೆ ಭಟ್ಕಳ ತಾಲೂಕಿನ ಕಾಯ್ಕಿಣಿಯಲ್ಲಿ. ಮುರ್ಡೇಶ್ವರ ಸ್ಟೇಷನ್ನಿನವರೆಗೆ ಗಂಡ ಸ್ಕೂಟರಿನಲ್ಲಿ ಬಿಡುತ್ತಾರೆ. ಅಲ್ಲಿಂದ ಮಂಕಿ, ಹೊನ್ನಾವರ, ಆಮೇಲೆ ಕುಮಟಾ. ಬಸ್ಸಿಲ್ಲವೆಂದಲ್ಲ. ಆದರೆ ಹೆದ್ದಾರಿಯ ಅಗಲೀಕರಣ ಇನ್ನೂ ಮುಗಿಯದೆ, ಎಲ್ಲಿ ಯಾವಾಗ ಎಷ್ಟು ಹೊತ್ತು ಸಿಕ್ಕಿಬೀಳುತ್ತೇವೆ ಎಂದು ಡ್ರೈವರನಿಗೇ ಗೊತ್ತಿರುವುದಿಲ್ಲ. ಮಳೆಗಾಲದಲ್ಲಿ ಗುಡ್ಡ ಜರಿದರೆ ಆ ದಿನ ದಾರಿಯೇ ಇಲ್ಲ. ರೈಲನ್ನು ನಂಬಿಯೇ ನಾನು ಕುಮಟಾದ ಶಾಲೆಯನ್ನು ಆರಿಸಿಕೊಂಡಿದ್ದೆ. ಆ ಗಾಡಿಯ ಮುಕ್ಕಾಲು ಪಾಲು ಜನರ ಕಥೆಯೂ ಇದೇ. ಮನೆ ಒಂದು ತಾಲೂಕಿನಲ್ಲಿ, ಅನ್ನ ಇನ್ನೊಂದು ತಾಲೂಕಿನಲ್ಲಿ.

ಮೊದಲ ದಿನ ಏನೋ ಎಡವಟ್ಟಾಗಿದೆ ಎಂದುಕೊಂಡೆವು. ಎರಡನೆಯ ದಿನವೂ ಹಾಗೇ ಆಯಿತು. ಮೂರನೆಯ ದಿನ ಸ್ಟೇಷನ್ನಿನ ಕಿಟಕಿಯಲ್ಲಿ ಕೇಳಿದಾಗ, ಇನ್ನು ಮೇಲೆ ಹೀಗೇ, ಎರಡು ಎಕ್ಸ್‌ಪ್ರೆಸ್ಸಿಗೂ ಮಂಕಿಯಲ್ಲೇ ದಾರಿ ಬಿಡಬೇಕೆಂದು ಮೇಲಿನಿಂದ ಬಂದಿದೆ ಎಂದರು.

ಆ ಗಾಡಿಯಲ್ಲಿ ನನ್ನ ಎದುರು ಸೀಟಿನಲ್ಲಿ ಕೂರುತ್ತಿದ್ದವಳು ಭಟ್ಕಳದ ಒಬ್ಬ ನರ್ಸ್. ಮನೆಮಾತು ನವಾಯತಿ; ನಮ್ಮೊಡನೆ ಕನ್ನಡ, ಫೋನಿನಲ್ಲಿ ಗಂಡನೊಡನೆ ಒಮ್ಮೊಮ್ಮೆ ಉರ್ದು. ನಾನು ಅವಳನ್ನು ಸಿಸ್ಟರ್ ಎನ್ನುತ್ತಿದ್ದೆ, ಅವಳು ನನ್ನನ್ನು ಟೀಚರ್ ಎನ್ನುತ್ತಿದ್ದಳು. ವರ್ಷಗಟ್ಟಲೆ ಹೀಗೇ ನಡೆದಿತ್ತು. ಕುಮಟಾದ ಒಂದು ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿ ಅವಳ ಕೆಲಸ. ಅವಳು ಬರುವವರೆಗೆ ರಾತ್ರಿ ಪಾಳಿಯ ನರ್ಸ್ ಬಿಟ್ಟು ಹೋಗುವಂತಿಲ್ಲ. ಆ ನರ್ಸ್ ಕಾಗಾಲದವಳು. ಕಾಗಾಲದ ಕಡೆಯ ಬೆಳಗಿನ ಬಸ್ಸು ತಪ್ಪಿದರೆ ಆಮೇಲೆ ಮಧ್ಯಾಹ್ನವೇ. ಹೀಗೆ ಮಂಕಿಯಲ್ಲಿ ಒಂದು ಗಾಡಿ ನಿಂತರೆ ಕಾಗಾಲದಲ್ಲಿ ಒಂದು ಮನೆಯ ಒಲೆ ತಡವಾಗುತ್ತಿತ್ತು. ತರಕಾರಿ ಹೆಂಗಸರಿಗೆ ಕುಮಟಾ ಪೇಟೆಯಲ್ಲಿ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. ಹರಿವೆ, ಬಸಳೆ ಬಿಸಿಲಿಗೆ ಬಾಡಿದ ಮೇಲೆ ಯಾರೂ ಕೇಳುತ್ತಿರಲಿಲ್ಲ.

ನಾವು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಮನವಿ ಬರೆದು, ಸಹಿ ಹಾಕಿಸಿ ಕಳಿಸಿದೆವು. ಪರಿಶೀಲಿಸಲಾಗುವುದು ಎಂಬ ಒಂದು ಸಾಲಿನ ಉತ್ತರ ಬಂತು. ಶಾಲೆಯಲ್ಲಿ ಹೆಡ್‌ಮಾಸ್ತರ್ರು ಕರೆದು ಕೂರಿಸಿದರು. ಅವರು ಕೆಟ್ಟವರಲ್ಲ. ನನ್ನ ಮೊದಲ ಪೀರಿಯಡ್ಡನ್ನು ಆಟದ ಮೇಷ್ಟ್ರಿಗೆ ಕೊಟ್ಟು ದಿನ ತಳ್ಳಿದರು. ಆದರೆ ಗಣಿತದ ಹೊತ್ತಿಗೆ ಮಕ್ಕಳು ಮೈದಾನದಲ್ಲಿ ಓಡುತ್ತಿದ್ದದ್ದನ್ನು ಗೇಟಿನ ಹೊರಗಿನಿಂದಲೇ ನೋಡುತ್ತ ಒಳಗೆ ಬರುವುದು ನನಗೆ ಪ್ರತಿದಿನದ ಅವಮಾನವಾಗಿತ್ತು.

ಅಷ್ಟರಲ್ಲಿ ರೈಲ್ವೆಯವರು ಹೊನ್ನಾವರ ಸ್ಟೇಷನ್ನಿನಲ್ಲಿ ಪ್ರಯಾಣಿಕರ ಅಹವಾಲು ಕೇಳುತ್ತಾರೆ ಎಂದು ತಿಳಿಯಿತು. ರಜೆ ಹಾಕಿ ಹೋದೆ. ಸಿಸ್ಟರೂ ಪಾಳಿ ಬದಲಿಸಿಕೊಂಡು ಬಂದಳು. ಶೌಚಾಲಯ, ಕುಡಿಯುವ ನೀರು, ಪ್ಲಾಟ್‌ಫಾರ್ಮಿನ ಸೋರುವ ಮಾಡು, ಇವೆಲ್ಲ ಆದ ಮೇಲೆ ನಮ್ಮ ಗಾಡಿಯ ಮಾತು ಬಂತು. ವೇಳಾಪಟ್ಟಿ ನೋಡಿಕೊಳ್ಳುವ ಅಧಿಕಾರಿ ಇನ್ನೂ ಚಿಕ್ಕ ಪ್ರಾಯದವರು. ಇದು ಒಂದೇ ಹಳಿಯ ಮಾರ್ಗ, ದೂರದ ಗಾಡಿಗಳಿಗೆ ಮೊದಲು ದಾರಿ ಕೊಡಬೇಕಾಗುತ್ತದೆ, ಉಳಿದದ್ದರಲ್ಲಿ ಪ್ಯಾಸೆಂಜರ್ ಎಂದು ವಿವರಿಸಿದರು. ಉಳಿದದ್ದರಲ್ಲಿ ಎಂಬ ಮಾತು ನನಗೆ ಚುಚ್ಚಿತು. ಹಳೆಯ ವೇಳೆಯಲ್ಲಿ ಆಗುತ್ತಿದ್ದದ್ದು ಈಗ ಯಾಕೆ ಆಗುವುದಿಲ್ಲ ಎಂದು ಕೇಳಿದೆ. ಹೊಸ ಗಾಡಿಗಳು ಸೇರಿವೆ ಎಂದರು. ಹಾಗಾದರೆ ಬೇರೆ ರೀತಿಯಲ್ಲಿ ಜೋಡಿಸಿ ಎಂದೆ.

ಅವರಿಗೆ ಸಾಕಾಗಿತ್ತು. "ಮೇಡಂ, ಅಷ್ಟು ಸುಲಭ ಅನಿಸಿದ್ರೆ ನೀವೇ ಒಂದು ಟೈಮ್‌ಟೇಬಲ್ ಮಾಡಿಕೊಂಡು ಬನ್ನಿ," ಎಂದರು.

ಅವರ ಪಕ್ಕದಲ್ಲಿ ಕೂತವರು ನಕ್ಕರು. ನಮ್ಮ ಕಡೆಯವರೂ ಕೆಲವರು ನಕ್ಕರು. ನನಗೆ ನಗು ಬರಲಿಲ್ಲ.

"ಆತು. ಮುಂದಿನ ಸಭೆಗೆ ತರ್ತೇವೆ," ಎಂದೆ.

ಹೊರಗೆ ಬಂದ ಮೇಲೆ ಸಿಸ್ಟರ್ ನನ್ನ ಮುಖವನ್ನೇ ನೋಡಿದಳು. ನಿಜವಾಗಿಯೂ ಮಾಡುತ್ತೀರಾ ಎಂದು ಕೇಳಿದಳು. ದೂರ ಮತ್ತು ಕಾಲದ ಗ್ರಾಫು ಒಂಬತ್ತನೇ ಕ್ಲಾಸಿನ ಪಾಠ, ಪ್ರತಿವರ್ಷ ಹಲಗೆಯ ಮೇಲೆ ಎಳೆಯುತ್ತೇನೆ ಎಂದೆ. ಧೈರ್ಯಕ್ಕೆ ಹೇಳಿದ ಮಾತಾಗಿತ್ತು ಅದು. ಕ್ಲಾಸಿನಲ್ಲಿ ನಾನು ಎಳೆಯುವ ಗ್ರಾಫಿನಲ್ಲಿ ಒಂದೇ ಬಸ್ಸು ಇರುತ್ತದೆ, ಅದು ಯಾರಿಗೂ ದಾರಿ ಬಿಡಬೇಕಾಗಿಲ್ಲ.

ಕುಮಟಾದ ಹತ್ತಿರದ ಹೊಳನಗದ್ದೆಯಲ್ಲಿ ಒಬ್ಬರು ನಿವೃತ್ತ ಸ್ಟೇಷನ್ ಮಾಸ್ತರ್ರಿದ್ದಾರೆ ಎಂದು ನಮ್ಮ ಶಾಲೆಯ ಗುಮಾಸ್ತ ಹೇಳಿದ. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಹೋದೆ. ಅವರು ಬದನೆ ಗಿಡಗಳಿಗೆ ಮಣ್ಣು ಏರಿಸುತ್ತಿದ್ದರು. ನಾನು ಬಂದ ಕಾರಣ ಕೇಳಿ ಕೈಯ ಮಣ್ಣನ್ನೂ ತೊಳೆಯದೆ ಜಗಲಿಯ ಮೇಲೆ ಕೂತರು.

"ನನ್ನ ಹತ್ರ ಎಂತಕ್ಕೆ ಬಂದ್ರಿ ಅಕ್ಕೋರೆ? ಜೀವಮಾನ ಇಡೀ ಪ್ಯಾಸೆಂಜರ್ ನಿಲ್ಸೂದೇ ನನ್ನ ಕೆಲಸ ಆಗಿತ್ತು," ಎಂದರು.

ಅದಕ್ಕೇ ಬಂದೆ ಎಂದೆ. ಹೇಗೆ ನಿಲ್ಲಿಸುತ್ತಾರೆ ಎಂದು ಗೊತ್ತಿದ್ದವರಿಗೇ ಹೇಗೆ ಬಿಡಬಹುದು ಎಂದೂ ಗೊತ್ತಿರಬೇಕಲ್ಲ ಎಂದೆ. ಅವರು ಒಪ್ಪಲಿಲ್ಲ. ರೈಲ್ವೆಯವರ ಮೇಲೆ ಹೊರಗಿನವರು ಲೆಕ್ಕ ಹಾಕುವುದು ಅವರಿಗೆ ಸರಿ ಕಾಣಲಿಲ್ಲ. ಆದರೆ ನಾನು ಏಳಲಿಲ್ಲ. ಒಳಗಿನಿಂದ ಅವರ ಹೆಂಡತಿ ಚಾ ತಂದಿಟ್ಟರು. ಚಾ ಕುಡಿಯುತ್ತ, ಒಂದು ಹಳಿಯ ಮೇಲೆ ಎದುರುಬದುರು ಗಾಡಿಗಳು ಹೇಗೆ ಓಡುತ್ತವೆ ಎಂದಷ್ಟೇ ಹೇಳಿ ಎಂದು ಕೇಳಿದೆ. ಅದನ್ನು ಹೇಳದೆ ಇರಲು ಅವರಿಂದ ಆಗಲಿಲ್ಲ.

ಗದ್ದೆಯ ಬದುವಿನ ಮೇಲೆ ನಡೆಯುವ ಹಾಗೆ, ಎಂದರು. ಎದುರಿನಿಂದ ಹೊರೆ ಹೊತ್ತವ ಬಂದರೆ ಒಬ್ಬರು ಪಕ್ಕಕ್ಕೆ ಇಳಿಯಬೇಕು. ಎಲ್ಲಿ ಬೇಕಾದರೂ ಇಳಿಯಲಾಗುವುದಿಲ್ಲ, ಗದ್ದೆಯಲ್ಲಿ ನೀರಿರುತ್ತದೆ. ಇಳಿಯಲು ಜಾಗವಿರುವುದು ಸ್ಟೇಷನ್ನಿನಲ್ಲಿ ಮಾತ್ರ. ಅಲ್ಲಿ ಹಳಿ ಎರಡಾಗುತ್ತದೆ, ಕೆಲವು ಕಡೆ ಮೂರಾಗುತ್ತದೆ. ಯಾರು ಎಲ್ಲಿ ಇಳಿದು ನಿಲ್ಲಬೇಕು ಎಂದು ಮೊದಲೇ ಗೊತ್ತು ಮಾಡುವುದೇ ವೇಳಾಪಟ್ಟಿ. ನಿಮ್ಮ ಪ್ಯಾಸೆಂಜರ್ ಬರಿಗೈಯವ, ಅವನೇ ಇಳಿಯಬೇಕು ಎಂದು ಮುಗಿಸಿದರು. ಬರಿಗೈಯಲ್ಲ, ಅದರಲ್ಲಿ ನಾವಿದ್ದೇವೆ ಎಂದೆ. ನಾನು ಹೊರಡುವಾಗ ಅವರು, ಮಾಡಿದ್ದನ್ನು ತಂದು ತೋರಿಸಿ, ತಪ್ಪು ಹುಡುಕಿ ಕೊಡುತ್ತೇನೆ ಎಂದರು.

ಆಮೇಲೆ ಕೆಲವು ವಾರ ನಾವು ನಮ್ಮ ಗಾಡಿಯನ್ನು ಹೊಸದಾಗಿ ನೋಡಲು ಕಲಿತೆವು. ಸಿಸ್ಟರ್ ಭಟ್ಕಳದಲ್ಲಿ ಹತ್ತುವವಳು. ಗಾಡಿ ಅಲ್ಲಿ ಎಷ್ಟು ಮೊದಲೇ ಬಂದು ಸುಮ್ಮನೆ ನಿಂತಿರುತ್ತದೆ ಎಂದು ಅವಳು ಪ್ರತಿದಿನ ಫೋನಿನಲ್ಲಿ ಗುರುತು ಹಾಕಿಕೊಂಡಳು. ಎದುರಿನ ಎಕ್ಸ್‌ಪ್ರೆಸ್ ಹೊನ್ನಾವರ ಬಿಡುವುದು ಯಾವಾಗ, ಮಂಕಿಗೆ ಬರುವುದು ಯಾವಾಗ ಎಂದು ನಾನು ನೋಡಿದೆ. ಮನೆಯಲ್ಲಿ ನೆಲದ ಮೇಲೆ ದೊಡ್ಡ ಡ್ರಾಯಿಂಗ್ ಶೀಟ್ ಹರಡಿ, ಎಡಬದಿಗೆ ಭಟ್ಕಳದಿಂದ ಕುಮಟಾದವರೆಗಿನ ಸ್ಟೇಷನ್ನುಗಳನ್ನು, ಮೇಲೆ ಹೊತ್ತನ್ನು ಬರೆದು, ಒಂದೊಂದು ಗಾಡಿಗೂ ಒಂದೊಂದು ಓರೆ ಗೆರೆ ಎಳೆದೆ. ವೇಗದ ಗಾಡಿಯ ಗೆರೆ ಕಡಿದಾಗಿ ಏರುತ್ತದೆ. ನಿಂತ ಗಾಡಿಯ ಗೆರೆ ಮಲಗಿಬಿಡುತ್ತದೆ. ನಮ್ಮ ಗಾಡಿಯ ಗೆರೆ ಮಂಕಿಯಲ್ಲಿ ಮಲಗಿದ್ದು ಎಷ್ಟು ಉದ್ದ ಎಂದು ಕಾಗದದ ಮೇಲೆ ಕಂಡಾಗ ಸ್ಕೇಲಿಟ್ಟು ಇನ್ನೊಮ್ಮೆ ಅಳೆದೆ. ಗಂಡ ಬಂದು ಸ್ವಲ್ಪ ಹೊತ್ತು ನೋಡಿ, ಇಷ್ಟು ಹೊತ್ತು ನಿಲ್ಲುತ್ತದೆ ಎಂದು ನೀನು ಹೇಳಿದಾಗ ನನಗೆ ಅಂದಾಜೇ ಆಗಿರಲಿಲ್ಲ ಎಂದರು.

ಗುಟ್ಟು ಕಂಡಿತು ಎಂದು ನನಗೆ ಅನಿಸಿತು. ಆ ಎರಡು ಎಕ್ಸ್‌ಪ್ರೆಸ್ಸುಗಳು ಹೇಗೂ ಒಂದನ್ನೊಂದು ದಾಟುವುದು ಹೊನ್ನಾವರದಲ್ಲಿ. ನಾವು ಮಂಕಿಯಲ್ಲಿದ್ದರೆ, ಒಂದು ನಮ್ಮನ್ನು ದಾಟಿ ಹೊನ್ನಾವರಕ್ಕೆ ಹೋಗಬೇಕು, ಇನ್ನೊಂದು ಅಲ್ಲಿಂದ ನಮ್ಮಲ್ಲಿಗೆ ಬರಬೇಕು. ಅಷ್ಟು ಹೊತ್ತೂ ನಾವು ಕಾಯಬೇಕು. ಅದರ ಬದಲು ಭಟ್ಕಳದಲ್ಲಿ ಸುಮ್ಮನೆ ನಿಲ್ಲದೆ ಮೊದಲೇ ಹೊರಟು ಹೊನ್ನಾವರ ಮುಟ್ಟಿಬಿಟ್ಟರೆ, ಎರಡೂ ಅಲ್ಲೇ ಒಟ್ಟಿಗೆ ಕಳೆದುಹೋಗುತ್ತವೆ. ಶೀಟನ್ನು ಸುರುಳಿ ಮಾಡಿಕೊಂಡು ಹೊಳನಗದ್ದೆಗೆ ಹೋದೆ.

ಮಾಸ್ತರ್ರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಹೊನ್ನಾವರದ ಮೇಲೆ ಬೆರಳಿಟ್ಟರು.

"ಆ ಹೊತ್ತಿಗೆ ಇಲ್ಲಿ ಲಾರಿ ಗಾಡಿ ನಿಂತಿರ್ತದೆ. ಇರೂದು ಮೂರು ಲೈನು, ಬರೂದು ನಾಲ್ಕು ಗಾಡಿ. ನಿಮ್ಮದನ್ನ ಎಲ್ಲಿ ನಿಲ್ಸ್ತ್ರಿ? ಶರಾವತಿ ಸೇತುವೆ ಮೇಲೋ?"

ಲಾರಿಗಳನ್ನೇ ಹೊತ್ತು ಒಯ್ಯುವ ಗೂಡ್ಸ್ ಗಾಡಿ ಅದು. ದಿನವೂ ಹೊನ್ನಾವರದಲ್ಲಿ ಅದನ್ನು ನೋಡುತ್ತಿದ್ದೆ, ಅದರ ಮೇಲೆ ಕೂತ ಲಾರಿ ಡ್ರೈವರುಗಳು ಹಲ್ಲುಜ್ಜುವುದನ್ನೂ ನೋಡಿದ್ದೆ. ಆದರೂ ನನ್ನ ಶೀಟಿನಲ್ಲಿ ಅದಕ್ಕೆ ಗೆರೆ ಇರಲಿಲ್ಲ. ಅಷ್ಟು ದಿನದ ಕೆಲಸ ಒಂದು ಬೆರಳಿಗೆ ಬಿದ್ದುಹೋಯಿತು. ಮಾಸ್ತರ್ರ ಮುಖದಲ್ಲಿ, ನಾನು ಮೊದಲೇ ಹೇಳಿರಲಿಲ್ಲವೇ ಎಂಬ ಸಮಾಧಾನ ಕಂಡದ್ದಕ್ಕೆ ನನಗೆ ಸಿಟ್ಟೂ ಬಂತು.

ಮನೆಗೆ ಬಂದು ಎರಡು ದಿನ ಶೀಟನ್ನು ಮುಟ್ಟಲಿಲ್ಲ. ಮೂರನೆಯ ದಿನ ಗಾಡಿಯಲ್ಲಿ ಸಿಸ್ಟರಿಗೆ ಎಲ್ಲ ಹೇಳಿದೆ. ಅವಳು ಕೇಳಿದ ಪ್ರಶ್ನೆ ಸರಳವಾಗಿತ್ತು: ಯಾವ ಗೆರೆಯನ್ನು ಮೊದಲು ಎಳೆದಿರಿ? ಎಕ್ಸ್‌ಪ್ರೆಸ್ಸುಗಳದ್ದು ಎಂದೆ. ಅವನ್ನು ಎಳೆದು, ಉಳಿದ ಜಾಗದಲ್ಲಿ ನಮ್ಮದನ್ನು ತುರುಕಿದ್ದೆ. ನನ್ನ ಸ್ವಂತ ಕಾಗದದ ಮೇಲೆ, ನನ್ನ ಸ್ವಂತ ಪೆನ್ಸಿಲ್ಲಿನಿಂದ, ನಾನೂ ಉಳಿದದ್ದರಲ್ಲೇ ಹುಡುಕಿದ್ದೆ. ಅದು ಹೊಳೆದಾಗ ನಾಚಿಕೆಗಿಂತ ಹೆಚ್ಚಾಗಿ ಒಂದು ಹಟ ಬಂತು.

ಹೊಸ ಶೀಟಿನಲ್ಲಿ ಮೊದಲ ಗೆರೆ ನಮ್ಮದು. ಭಟ್ಕಳದಿಂದ ಕುಮಟಾಕ್ಕೆ, ಎಲ್ಲೂ ಮಲಗದ ಗೆರೆ. ಆಮೇಲೆ ಉಳಿದವರು ಅದಕ್ಕೆ ಹೊಂದಿಕೊಳ್ಳಲಿ ಎಂದು ಒಂದೊಂದಾಗಿ ಎಳೆದೆ. ಎದುರಿನ ಎಕ್ಸ್‌ಪ್ರೆಸ್ ಹೊನ್ನಾವರದಲ್ಲಿ ನಮಗಾಗಿ ಕೆಲವೇ ನಿಮಿಷ ನಿಲ್ಲಬೇಕು. ಹಿಂದಿನದು ಸ್ವಲ್ಪ ಅಂತರ ಬಿಟ್ಟು ಬರಬೇಕು. ಲಾರಿ ಗಾಡಿ ಹೊನ್ನಾವರದ ಬದಲು ಕುಮಟಾದಲ್ಲೇ ನಿಂತು ನಾವು ಬಂದ ಮೇಲೆ ಹೊರಡಬೇಕು. ಇಷ್ಟೇ. ಹೊಳನಗದ್ದೆಗೆ ಮೂರು ಸಲ ಓಡಾಡಿದೆ. ಪ್ರತಿ ಸಲ ಮಾಸ್ತರ್ರು ಒಂದು ತಪ್ಪು ಹಿಡಿದರು: ಒಂದು ಗಾಡಿ ಹೋದ ಕೂಡಲೇ ಇನ್ನೊಂದನ್ನು ಬಿಡುವಂತಿಲ್ಲ, ಮುಂದಿನ ಸ್ಟೇಷನ್ನಿನವರು ದಾರಿ ಖಾಲಿ ಎಂದು ಹೇಳಬೇಕು, ಸಿಗ್ನಲ್ ತಿರುಗಬೇಕು. ನಾಲ್ಕನೆಯ ಸಲ ಹೋದಾಗ ಅವರು ನೋಡಿ, ಇನ್ನೊಮ್ಮೆ ನೋಡಿ, ಕನ್ನಡಕ ತೆಗೆದರು. ಇದು ಓಡುತ್ತದೆ ಎಂದರು. ಸಭೆಗೆ ನೀವೂ ಬನ್ನಿ ಎಂದು ಕರೆದೆ.

"ನಾ ಬರೂದಿಲ್ಲ. ಅವರ ಉಪ್ಪು ತಿಂದವ ನಾನು," ಎಂದರು. ಎಷ್ಟು ಕೇಳಿಕೊಂಡರೂ ಬರಲಿಲ್ಲ. ನನಗೆ ಬೇಸರವಾದರೂ ಅವರ ಮಾತಿಗೆ ಅವರದೇ ಒಂದು ಮರ್ಯಾದೆ ಇತ್ತು.

ಎರಡನೆಯ ಸಭೆಯಲ್ಲಿ ನಾನು ಮೇಜಿನ ಮೇಲೆ ಶೀಟು ಬಿಚ್ಚಿದಾಗ ಅದೇ ಅಧಿಕಾರಿ ಮೊದಲು ಗುರುತು ಹಿಡಿಯಲಿಲ್ಲ. ನೀವೇ ಮಾಡಿಕೊಂಡು ಬನ್ನಿ ಎಂದಿದ್ದಿರಿ ಎಂದು ನೆನಪಿಸಿದೆ. ಅವರು ಈ ಸಲ ನಗಲಿಲ್ಲ. ಕುರ್ಚಿ ಎಳೆದುಕೊಂಡು ಬಗ್ಗಿ ನೋಡಿದರು, ಸ್ಕೇಲಿಟ್ಟು ನೋಡಿದರು, ಪಕ್ಕದವರೊಡನೆ ಏನೋ ಮಾತಾಡಿದರು. ಲೆಕ್ಕ ಸರಿ ಇದೆ ಎಂದು ಒಪ್ಪಿಕೊಂಡರು. ಆದರೆ ಆಗುವುದಿಲ್ಲ ಎಂದರು. ಲಾರಿ ಗಾಡಿ ದುಡಿಯುವ ಗಾಡಿ, ಅದನ್ನು ಇನ್ನಷ್ಟು ನಿಲ್ಲಿಸಿದರೆ ನಷ್ಟ. ಎಕ್ಸ್‌ಪ್ರೆಸ್ ತಡವಾದರೆ ಮೇಲಿನವರಿಗೆ ಉತ್ತರ ಕೊಡಬೇಕು.

ಸಿಸ್ಟರ್ ಎದ್ದು ನಿಂತಳು. ಸ್ವರ ಏರಿಸಲಿಲ್ಲ. ರೋಗಿಗಳೊಡನೆ ಮಾತಾಡುವ ಸ್ವರವೇ.

"ಲಾರಿ ನಿಂತ್ರೆ ನಷ್ಟ ಅಂತ ಬರೀತೀರಿ ಸಾರ್. ನಾವು ನಿಂತ್ರೆ ಎಂತ ಅಂತ ಬರ್ದಿದ್ದೀರಿ?"

ಅಧಿಕಾರಿ ಸ್ಕೇಲನ್ನು ಎತ್ತಿ ಬದಿಗಿಟ್ಟರು. ಶೀಟನ್ನು ಇಟ್ಟುಕೊಳ್ಳಬಹುದೇ ಎಂದು ಕೇಳಿದರು. ಇಟ್ಟುಕೊಳ್ಳಿ, ನಮ್ಮ ಹತ್ತಿರ ಇನ್ನೊಂದಿದೆ ಎಂದೆ.

ಆಮೇಲೆ ತಿಂಗಳುಗಟ್ಟಲೆ ಸದ್ದಿಲ್ಲ. ಗಾಡಿ ಮಂಕಿಯಲ್ಲಿ ನಿಲ್ಲುತ್ತಲೇ ಇತ್ತು. ಕೆಲವರು ಬಸ್ಸಿಗೆ ಹೋದರು, ಕೆಲವರು ಕುಮಟಾದಲ್ಲಿ ಬಾಡಿಗೆ ಕೋಣೆ ಹಿಡಿದರು. ನಮ್ಮ ಡಬ್ಬಿಯಲ್ಲಿ ಸೀಟುಗಳು ಖಾಲಿಯಾಗತೊಡಗಿದಾಗ ನನಗೆ ನಿಜವಾದ ಹೆದರಿಕೆ ಹುಟ್ಟಿತು. ಜನರೇ ಇಲ್ಲದ ಗಾಡಿ ಎಂದು ನಾಳೆ ಅದನ್ನೇ ತೆಗೆದುಹಾಕಲು ಎಷ್ಟು ಹೊತ್ತು ಬೇಕು?

ಒಂದು ಬೆಳಿಗ್ಗೆ ಮಂಕಿಯಲ್ಲಿ ನಿಂತಿದ್ದಾಗ ತರಕಾರಿ ಹೆಂಗಸರಲ್ಲಿ ಹಿರಿಯಳಾದವಳು ನಮ್ಮ ಸೀಟಿನ ಹತ್ತಿರ ಬಂದಳು. ಕುತ್ತಿಗೆ ತುಂಬ ಕರಿಮಣಿ, ಬಾಯಲ್ಲಿ ಎಲೆಯಡಿಕೆ. ನಮ್ಮ ಮಾತುಕತೆಗಳನ್ನೆಲ್ಲ ಅವಳು ಬಾಗಿಲ ಬಳಿ ಕೂತು ಕೇಳಿಸಿಕೊಂಡಿದ್ದಳಂತೆ.

"ಅಕ್ಕೋರೆ, ಹೆಂಗೂ ನಿಲ್ಲೂದೇ ಆದ್ರೆ ಕೆಳಗೆ ಇಳ್ದು ನಿಲ್ಲುವ. ಒಳಗೆ ಕೂತ್ರೆ ನಾವು ಇದ್ದದ್ದೇ ಅವರಿಗೆ ಕಾಣೂದಿಲ್ಲ," ಎಂದಳು.

ಮರುದಿನ ಹಾಗೇ ಮಾಡಿದೆವು. ಮೊದಲು ಇಳಿದವರು ಹೆಂಗಸರು, ಬುಟ್ಟಿ ಸಮೇತ. ಆಮೇಲೆ ನಾನು, ಸಿಸ್ಟರ್, ನಮ್ಮ ಡಬ್ಬಿಯಲ್ಲಿ ದಿನವೂ ಬರುವ ಬ್ಯಾಂಕಿನವರು, ಕಾಲೇಜಿನ ಹುಡುಗಿಯರು. ಪ್ಲಾಟ್‌ಫಾರ್ಮಿನ ಹಳದಿ ಗೆರೆಯ ಹಿಂದೆ ಸಾಲಾಗಿ ನಿಂತೆವು. ಘೋಷಣೆ ಇಲ್ಲ, ಬ್ಯಾನರ್ ಇಲ್ಲ. ಎಕ್ಸ್‌ಪ್ರೆಸ್ ಬಂತು. ಅದರ ಗಾಳಿಗೆ ಸೆರಗು ಹಾರಿದರೂ ಯಾರೂ ಹಿಂದೆ ಸರಿಯಲಿಲ್ಲ. ದಿನವೂ ಹೀಗೇ ನಡೆಯಿತು. ಮೂರು ನಾಲ್ಕು ದಿನವಾದ ಮೇಲೆ ತರಕಾರಿ ಹೆಂಗಸರು ಹಾಡಲು ಶುರು ಮಾಡಿದರು. ಸಸಿ ನೆಡುವ ನೆಟ್ಟಿಯ ಗದ್ದೆಯಲ್ಲಿ ಬಗ್ಗಿಕೊಂಡೇ ಹಾಡು ಕಟ್ಟುವವರಿಗೆ ಇದೇನೂ ದೊಡ್ಡದಲ್ಲ. ಒಬ್ಬಳು ಎತ್ತಿಕೊಟ್ಟದ್ದನ್ನು ಉಳಿದವರು ತಿರುಗಿಸಿ ಹಾಡುತ್ತಿದ್ದರು. ಓಡುವ ಗಾಡಿಯೇ, ಯಾರ ಮದುವೆಗೆ ಹೊತ್ತು ಮೀರಿತು ನಿನಗೆ, ನಮ್ಮ ಬಸಳೆ ಬಾಡುವ ಮೊದಲು ಹೇಳಿ ಹೋಗು ಎಂಬರ್ಥದ ಹಾಡು. ಕಾಲೇಜಿನ ಹುಡುಗಿಯರು ಅದನ್ನು ಫೋನಿನಲ್ಲಿ ಹಿಡಿದು ಎಲ್ಲೆಲ್ಲಿಗೋ ಕಳಿಸಿದರು. ಬಸ್ಸಿಗೆ ಹೋಗಿದ್ದವರಲ್ಲಿ ಕೆಲವರು ತಿರುಗಿ ಬಂದರು.

ಎರಡನೆಯ ವಾರ ರೈಲ್ವೆ ಪೊಲೀಸರು ಬಂದರು. ಇಲ್ಲಿ ಗುಂಪು ಕಟ್ಟುವಂತಿಲ್ಲ, ಯಾರು ಮುಖಂಡರು ಎಂದು ಕೇಳಿದರು. ಎಲ್ಲರೂ ನನ್ನ ಕಡೆ ನೋಡಿದ್ದರಿಂದ ನಾನೇ ಮಾತಾಡಬೇಕಾಯಿತು.

"ಎಲ್ಲರ ಹತ್ರನೂ ಟಿಕೆಟ್ ಉಂಟು, ಪಾಸ್ ಉಂಟು. ನೀವು ಗಾಡಿ ನಿಲ್ಸಿದ್ರಿ, ನಾವು ನಿಂತ್ವಿ. ಅದು ಬಿಟ್ಟು ಬೇರೆ ಎಂತದೂ ಮಾಡಲಿಲ್ಲ," ಎಂದೆ.

ಅವರು ನನ್ನ ಫೋಟೋ ತೆಗೆದುಕೊಂಡರು. ಎಲ್ಲಿ ಕೆಲಸ ಎಂದು ಕೇಳಿ ಬರೆದುಕೊಂಡರು. ಅಷ್ಟು ಹೊತ್ತೂ ಸಿಸ್ಟರ್ ನನ್ನ ಮೊಣಕೈ ಹಿಡಿದುಕೊಂಡಿದ್ದಳು.

ವಾರದೊಳಗೆ ಹೆಡ್‌ಮಾಸ್ತರ್ರು ಬಾಗಿಲು ಮುಚ್ಚಿ ಮಾತಾಡಿದರು. ಮೇಲಿನಿಂದ ಫೋನ್ ಬಂದಿತ್ತು. ಸರಕಾರಿ ನೌಕರರು ಹೀಗೆ ಮಾಡುವುದು ಸರಿಯೇ ಎಂದು ಕೇಳಿದ್ದರಂತೆ. ಶಿಕ್ಷೆಯ ಮಾತು ಆಡಲಿಲ್ಲ. ಅದರ ಬದಲು, ನಿಮ್ಮ ತಾಲೂಕಿನಲ್ಲೇ ಗಣಿತದ ಜಾಗ ಖಾಲಿ ಇದೆ, ಕಾಯ್ಕಿಣಿಯ ಹತ್ತಿರವೇ, ಈಗ ವರ್ಗ ಕೇಳಿದರೆ ಕೂಡಲೇ ಆಗುತ್ತದೆ ಎಂದರು. ಮನೆಯ ಬಾಗಿಲಿಗೇ ಶಾಲೆ. ಬೆಳಿಗ್ಗೆ ನಿಧಾನಕ್ಕೆ ಎದ್ದು, ತಿಂಡಿ ತಿಂದು, ನಡೆದುಕೊಂಡು ಹೋಗಬಹುದು. ಎಷ್ಟೋ ವರ್ಷಗಳಿಂದ ನಾನು ಬಯಸಿದ್ದೇ ಅದು. ಒಂದು ಗಳಿಗೆ ನನ್ನ ಮನಸ್ಸು ಪೂರ್ತಿ ಆ ಕಡೆ ವಾಲಿತು ಎಂಬುದನ್ನು ಮುಚ್ಚಿಡುವುದಿಲ್ಲ.

"ನಾ ಹೋದ್ರೆ ನನ್ನ ತೊಂದರೆ ಮುಗೀತದೆ ಸರ್. ಗಾಡಿ ಮಂಕಿಯಲ್ಲೇ ನಿಲ್ತದೆ," ಎಂದೆ. "ನನ್ನನ್ನ ತೆಗೆದ್ರೆ ಗಾಡಿ ಸರಿ ಆದ ಹಾಗೆ ಅಲ್ಲ."

ಅವರು ನಿಟ್ಟುಸಿರು ಬಿಟ್ಟು, ಹಾಗಾದರೆ ಲಿಖಿತವಾಗಿ ಒಂದು ವಿವರಣೆ ಕೊಡಿ ಎಂದರು. ಕೊಟ್ಟೆ. ನಾನು ಟಿಕೆಟ್ ತೆಗೆದುಕೊಂಡು ಪ್ರಯಾಣ ಮಾಡುತ್ತೇನೆ, ಗಾಡಿ ನಿಂತ ಸ್ಟೇಷನ್ನಿನಲ್ಲಿ ಇಳಿದು ನಿಲ್ಲುತ್ತೇನೆ, ಗಾಡಿ ಹೊರಟಾಗ ಹತ್ತುತ್ತೇನೆ, ಗಾಡಿ ಸರಿಯಾದ ಹೊತ್ತಿಗೆ ಬಂದರೆ ನಾನೂ ಬರುತ್ತೇನೆ ಎಂದು ಬರೆದೆ. ಕ್ಷಮೆ ಎಂಬ ಶಬ್ದ ಹಾಕಲಿಲ್ಲ. ಅದರ ಮೇಲೆ ಯಾವ ಉತ್ತರವೂ ಬರಲಿಲ್ಲ. ಸಂಜೆ ಮನೆಯಲ್ಲಿ ವರ್ಗದ ಸುದ್ದಿ ಹೇಳಿದಾಗ ಗಂಡ, ಹಾಗಾದರೆ ನಾಳೆಯೂ ಸ್ಕೂಟರ್ ತೆಗೆಯಬೇಕು ಅನ್ನು ಎಂದರು. ಅವರಿಗೆ ಬೇಸರವಾಗಿತ್ತು. ಆದರೂ ಮರುದಿನ ನನಗಿಂತ ಮೊದಲೇ ಸ್ಕೂಟರ್ ಒರೆಸಿ ನಿಲ್ಲಿಸಿದ್ದರು.

ನಮ್ಮ ಮಾರ್ಗದಲ್ಲಿ ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ. ಗುಡ್ಡ ಕುಸಿಯುವ ಭಯಕ್ಕೆ ಎಲ್ಲ ಗಾಡಿಗಳೂ ನಿಧಾನ ಓಡುತ್ತವೆ, ಹಾಗಾಗಿ ಎಲ್ಲ ಗೆರೆಗಳನ್ನೂ ಹೊಸದಾಗಿ ಎಳೆಯಬೇಕಾಗುತ್ತದೆ. ಆ ವರ್ಷದ ಮಳೆಗಾಲದ ಪಟ್ಟಿ ಹೊರಬಿದ್ದ ದಿನ ಸಿಸ್ಟರ್ ಭಟ್ಕಳ ಸ್ಟೇಷನ್ನಿನಿಂದ ಫೋನ್ ಮಾಡಿದಳು. ಗಾಡಿ ಭಟ್ಕಳ ಬಿಡುವ ಹೊತ್ತು ಮೊದಲಿಗಿಂತ ಬೇಗ ಆಗಿದೆ, ಕುಮಟಾ ಮುಟ್ಟುವುದು ಶಾಲೆಯ ಬೆಲ್ಲಿಗಿಂತ ಮೊದಲು ಎಂದಳು. ನಾನು ನಂಬಲಿಲ್ಲ. ಪಟ್ಟಿಯ ಫೋಟೋ ಕಳಿಸು ಎಂದೆ. ಕಳಿಸಿದಳು. ನಮ್ಮ ಶೀಟಿನ ವೇಳೆಯೇ ಅಲ್ಲ, ಮಳೆಗಾಲದ ನಿಧಾನಕ್ಕೆ ತಕ್ಕಂತೆ ಬದಲಾಗಿತ್ತು. ಆದರೆ ಜೋಡಣೆ ನಮ್ಮದೇ. ಮೊದಲು ನಾವು, ಆಮೇಲೆ ಉಳಿದವರು.

ಯಾರು ಮಾಡಿದರು, ಯಾಕೆ ಮಾಡಿದರು ಎಂದು ನಮಗೆ ಯಾರೂ ಹೇಳಲಿಲ್ಲ. ಆ ಅಧಿಕಾರಿಯೇ ಇರಬೇಕು ಎಂದು ನನ್ನ ಊಹೆ. ಹಾಡಿನ ವಿಡಿಯೋ ನೋಡಿ ಹೆದರಿದರು ಎಂದು ಕಾಲೇಜಿನ ಹುಡುಗಿಯರ ಊಹೆ. ಹೊಳನಗದ್ದೆಯ ಮಾಸ್ತರ್ರಿಗೆ ಫೋನ್ ಮಾಡಿ ತಿಳಿಸಿದಾಗ ಅವರು, ಲಾರಿ ಗಾಡಿಯನ್ನು ಎಲ್ಲಿ ಹಾಕಿದ್ದಾರೆ ಎಂದಷ್ಟೇ ಕೇಳಿದರು. ಕುಮಟಾದಲ್ಲಿ ಎಂದಾಗ ಗಂಟಲಲ್ಲೇ ನಕ್ಕರು.

ಹೊಸ ಪಟ್ಟಿಯ ಮೊದಲ ದಿನ ಜೋರು ಮಳೆ. ಮಂಕಿಯಲ್ಲಿ ಗಾಡಿ ನಿಂತಿತು, ಹೆಂಗಸರು ಹತ್ತಿದರು, ಗಾಡಿ ಹೊರಟಿತು. ಎಲ್ಲಿ ಮತ್ತೆ ನಿಂತುಬಿಡುತ್ತದೋ ಎಂದು ಎಲ್ಲರಿಗೂ ಪುಕಪುಕ. ಶರಾವತಿ ದಾಟಿ ಹೊನ್ನಾವರಕ್ಕೆ ಬಂದಾಗ ಪಕ್ಕದ ಹಳಿಯ ಮೇಲೆ ಎದುರಿನ ಎಕ್ಸ್‌ಪ್ರೆಸ್ ನಿಂತಿತ್ತು. ನಮಗಾಗಿ ನಿಂತಿತ್ತು. ಅದರ ಗಾಜಿನ ಕಿಟಕಿಗಳ ಒಳಗಿನಿಂದ, ಈ ಸಣ್ಣ ಗಾಡಿಗೆ ನಮ್ಮನ್ನು ಯಾಕೆ ನಿಲ್ಲಿಸಿದರು ಎಂಬಂತೆ ಕೆಲವರು ನೋಡುತ್ತಿದ್ದರು. ತರಕಾರಿಯ ಹಿರಿಯಳು ಬಾಗಿಲಿಗೆ ಬಂದು, ಕೈ ಸೊಂಟದ ಮೇಲಿಟ್ಟು, ಗಾಡಿ ಹೊರಡುವವರೆಗೂ ಅವರನ್ನು ನೋಡುತ್ತ ನಿಂತಳು. ಸಿಸ್ಟರ್ ಅಳುತ್ತಿದ್ದಳು, ಅದನ್ನು ಅಡಗಿಸಲೂ ಇಲ್ಲ. ಆ ದಿನ ಕಾಗಾಲದ ನರ್ಸಿಗೆ ಬಸ್ಸು ಸಿಕ್ಕಿತು. ನಾನು ಮೊದಲ ಪೀರಿಯಡ್ಡಿಗೆ ಚಾಕ್ ಹಿಡಿದು ಒಳಗೆ ಹೋದಾಗ ಮಕ್ಕಳು ಆಟದ ಪೀರಿಯಡ್ ತಪ್ಪಿದ್ದಕ್ಕೆ ಮುಖ ಸಪ್ಪೆ ಮಾಡಿದರು.

ಮಳೆಗಾಲ ಮುಗಿದ ಮೇಲೂ ಬೆಳಗಿನ ಜೋಡಣೆಯನ್ನು ಅವರು ತೆಗೆಯಲಿಲ್ಲ. ಆದರೆ ಸಂಜೆಯ ಗಾಡಿಯನ್ನು ಕೆಡಿಸಿದರು. ಕುಮಟಾದಿಂದ ವಾಪಸು ಬರುವ ಗಾಡಿ ಈಗ ಹೊನ್ನಾವರದಲ್ಲಿ ಎರಡು ಗಾಡಿಗಳಿಗೆ ದಾರಿ ಬಿಟ್ಟು, ಮುರ್ಡೇಶ್ವರ ಮುಟ್ಟುವಾಗ ಕತ್ತಲಾಗಿರುತ್ತದೆ. ಭಟ್ಕಳದವರಿಗೆ ಇನ್ನೂ ತಡ. ಮೊದಲಿನ ಅಧಿಕಾರಿ ವರ್ಗವಾಗಿ ಹೋಗಿದ್ದಾರೆ. ಹೊಸಬರು ಮೊನ್ನೆಯ ಸಭೆಯಲ್ಲಿ, ಬೆಳಿಗ್ಗೆ ನಿಮಗೆ ಕೊಟ್ಟಾಯಿತಲ್ಲ, ಸಂಜೆ ಸ್ವಲ್ಪ ಹೊಂದಿಕೊಳ್ಳಿ ಎಂದರು. ಕೊಟ್ಟಾಯಿತಲ್ಲ ಎನ್ನುವಾಗ ಅವರ ದನಿಯಲ್ಲಿ ದಾನ ಮಾಡಿದವರ ಭಾವ ಇತ್ತು.

ನಾನು ಎದ್ದು ನಿಂತು, ಬೆಳಿಗ್ಗೆಯದು ನೀವು ಕೊಟ್ಟದ್ದಲ್ಲ, ನಾವು ತೆಗೆದುಕೊಂಡದ್ದು ಎಂದೆ. ಸಂಜೆಯದಕ್ಕೆ ಅಂಕಿಅಂಶ ಕೂಡಿಸಲು ಮೂರು ವಾರ ಬೇಕು, ಆಮೇಲೆ ಬಂದು ತೋರಿಸುತ್ತೇವೆ ಎಂದೆ. ಅವರು ಏನನ್ನು ಎಂದು ಕೇಳಿದರು. ನಮ್ಮ ಟೈಮ್‌ಟೇಬಲ್ಲನ್ನು ಎಂದೆ. ಸಿಸ್ಟರ್ ಆಗಲೇ ಚೀಲ ಹೆಗಲಿಗೇರಿಸಿ ಬಾಗಿಲ ಹತ್ತಿರ ನಿಂತಿದ್ದಳು. ನಮ್ಮ ಗಾಡಿಯ ಹೊತ್ತಾಗಿತ್ತು.